ಸ್ಟೋಗಿಯ ಕಲ್ಲುಗಳು

ಪೋಲೆಂಡಿನ ಉತ್ತರದಲ್ಲಿ ವಿಸ್ತುಲಾ ನದಿ ಬಾಲ್ಟಿಕ್ ಸಮುದ್ರ ಸೇರುವ ಮೊದಲು ಕವಲೊಡೆಯುತ್ತದೆ. ಆ ಕವಲುಗಳ ಆಸುಪಾಸಿನ ಮೆಕ್ಕಲು ಬಯಲಿಗೆ ಝುವಾವಿ ಎಂದು ಹೆಸರು. ಬಯಲಿನ ದೊಡ್ಡ ಭಾಗ ಸಮುದ್ರಮಟ್ಟಕ್ಕಿಂತ ತಗ್ಗು, ಕೆಲವೆಡೆ ಸುಮಾರು 2 ಮೀಟರ್ ಕೆಳಗೆ. ಮಾಲ್ಬೊರ್ಕ್ ಕೋಟೆಯ ಕೆಂಪು ಇಟ್ಟಿಗೆಯ ಗೋಡೆಗಳನ್ನು ಬಿಟ್ಟು, ನೊಗಾತ್ ನದಿ ದಾಟಿ ಕೆಲವೇ ಕಿಲೋಮೀಟರ್ ಹೋದರೆ ಸ್ಟೋಗಿ ಮಾಲ್ಬೊರ್ಸ್ಕ್ಯೆ ಎಂಬ ಹಳ್ಳಿ ಸಿಗುತ್ತದೆ. 1945ರವರೆಗೆ ಇದು ಹೊಯ್ಬೂಡೆನ್. ಗೋಧಿ ಗದ್ದೆ, ನೀರಿನ ಕಾಲುವೆ, ನೆಟ್ಟಗಿನ ರಸ್ತೆ. ಅಷ್ಟಕ್ಕೇ ಆಗಿದ್ದರೆ ಸುತ್ತಲಿನ ಹತ್ತಾರು ಊರುಗಳಲ್ಲಿ ಇದೂ ಒಂದು. ಇಲ್ಲಿನ ಹಳೆಯ ಮರಗಳ ನೆರಳಲ್ಲಿರುವ ಮೆನ್ನೊನೈಟ್ ಸ್ಮಶಾನ ಮಾತ್ರ ಇಡೀ ಝುವಾವಿಯಲ್ಲಿ ಉಳಿದುಬಂದಿರುವ ಅಂಥ ಸ್ಮಶಾನಗಳಲ್ಲೇ ಮುಖ್ಯವಾದದ್ದು.

ಮೆನ್ನೊನೈಟರು ಇಲ್ಲಿಗೆ ಬಂದದ್ದು ಓಡಿಬಂದವರಾಗಿ. 16ನೇ ಶತಮಾನದ ನೆದರ್‌ಲೆಂಡ್ಸಿನಲ್ಲಿ, ಪ್ರಾಯಕ್ಕೆ ಬಂದವರಿಗೆ ಮಾತ್ರ ದೀಕ್ಷಾಸ್ನಾನ ಎಂದು ಪಟ್ಟು ಹಿಡಿದವರನ್ನು ಸುಟ್ಟು, ನೀರಲ್ಲಿ ಮುಳುಗಿಸಿ ಕೊಲ್ಲುತ್ತಿದ್ದರು. 1536ರಲ್ಲಿ ಕ್ಯಾಥೊಲಿಕ್ ಪಾದ್ರಿ ಹುದ್ದೆ ಬಿಟ್ಟು ಬಂದ ಮೆನ್ನೊ ಸೈಮನ್ಸ್ ಈ ಚದುರಿದ ಜನಕ್ಕೆ ಮುಂದಾಳಾದ. ಆಣೆ ಇಡಬಾರದು, ಆಯುಧ ಹಿಡಿಯಬಾರದು ಎಂಬ ಎರಡು ಕಟ್ಟುಪಾಡುಗಳು ಅವರನ್ನು ಯಾವ ರಾಜನಿಗೂ ಬೇಡವಾಗಿಸಿದವು. ವಿಸ್ತುಲಾ ಮುಖಜಭೂಮಿಗೆ ಮಾತ್ರ ಅವರು ಬೇಕಾಗಿದ್ದರು. 1540ರ ದಶಕದ ಪ್ರವಾಹಗಳಿಂದ ಅಲ್ಲಿನ ಒಡ್ಡುಗಳು ಒಡೆದು, ಹೊಲಗಳು ಜೌಗಾಗಿ, ಒಕ್ಕಲು ಖಾಲಿಯಾಗಿತ್ತು. ಪೋಲೆಂಡಿನ ಧಾರ್ಮಿಕ ಸಹಿಷ್ಣುತೆಯನ್ನು ಇಂದು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆಗೆ ಅರ್ಹವೇ ಹೌದು, ಆದರೆ ಅದರ ಬೇರು ಗೇಣಿಯ ಲೆಕ್ಕದಲ್ಲಿತ್ತು ಎಂಬುದನ್ನೂ ಹೇಳಲೇಬೇಕು. ನೀರಡಿಯ ನೆಲದಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಒಡ್ಡು ಕಟ್ಟಬಲ್ಲ ಒಕ್ಕಲಿಗ ಯಾವ ಮತದವನಾದರೂ ಜಮೀನುದಾರನಿಗೆ ಲಾಭವೇ. ಲೊಯ್ಟ್ಸ್ ಎಂಬ ಬ್ಯಾಂಕರ್ ಮನೆತನ 1562ರಿಂದ ಈ ಬಯಲಿನ ಜೌಗಿಗೆ ಡಚ್ಚರನ್ನು ಕರೆತಂದು ಕೂರಿಸಿದ್ದು ಇದೇ ಲೆಕ್ಕದ ಮೇಲೆ.

ಒಪ್ಪಂದ ಸಾಮಾನ್ಯವಾಗಿ 30–40 ವರ್ಷಗಳ ಗೇಣಿಯದು. ಗೇಣಿ ಕಟ್ಟುವ ಹೊಣೆ ಒಬ್ಬೊಬ್ಬರದಲ್ಲ, ಊರಿಗೆ ಊರೇ ಹೊಣೆ. ಊರ ಮುಖ್ಯಸ್ಥನನ್ನು ಒಕ್ಕಲುಗಳೇ ಆರಿಸಿಕೊಳ್ಳುತ್ತಿದ್ದರು. ಗಾಳಿಯಂತ್ರಗಳು ತಗ್ಗಿನ ನೀರನ್ನು ಎತ್ತಿ ಮೇಲಿನ ಕಾಲುವೆಗೆ ಸುರಿಯುತ್ತಿದ್ದವು, ಅಲ್ಲಿಂದ ನೀರು ನದಿಗೆ. ಕಾಲುವೆಯ ಹೂಳು ತೆಗೆಯುವುದಕ್ಕೂ ಒಡ್ಡಿನ ಕಾವಲಿಗೂ ಪ್ರತಿ ಮನೆಯಿಂದ ಆಳು ಬರಬೇಕು. 1642ರಲ್ಲಿ ದೊರೆ ನಾಲ್ಕನೆಯ ವ್ವಾದಿಸ್ವಾವ್ ಹೊರಡಿಸಿದ ಸನ್ನದು, ಹಾಳುಬಿದ್ದ ಜೌಗು ನೆಲವನ್ನು ಇವರು ಬೇಸಾಯಕ್ಕೆ ತಂದದ್ದನ್ನು ಮೆಚ್ಚಿ ಹಳೆಯ ಹಕ್ಕುಗಳನ್ನು ಗಟ್ಟಿ ಮಾಡಿತು.

ಇಲ್ಲಿ ಒಂದು ತಕರಾರು. ಪ್ರವಾಸಿ ಪುಸ್ತಿಕೆಗಳು ಝುವಾವಿಯ ಪ್ರತಿ ಒಡ್ಡನ್ನೂ, ಕಂಬಸಾಲಿನ ಮುಖಮಂಟಪವಿರುವ ಪ್ರತಿ ಮರದ ಮನೆಯನ್ನೂ ಮೆನ್ನೊನೈಟರ ಖಾತೆಗೆ ಬರೆದುಬಿಡುತ್ತವೆ. ಇದು ಸರಿಯಲ್ಲ. ಒಡ್ಡು ಹಾಕುವ ಕೆಲಸ ಇವರಿಗಿಂತ ಮೊದಲು ಇಲ್ಲಿ ಆಳಿದ ಟ್ಯೂಟಾನಿಕ್ ಧರ್ಮಯೋಧರ ಪಡೆಯ ಕಾಲದಲ್ಲೇ ಶುರುವಾಗಿತ್ತು. ಕಂಬದ ಮನೆಗಳನ್ನು ಕಟ್ಟಿಸಿದವರಲ್ಲಿ ಲುಥೆರನ್ ಸಾಹುಕಾರರು ಬೇಕಾದಷ್ಟು ಮಂದಿ. ಮನೆಯ ಮುಂದಿನ ಕಂಬ ಎಣಿಸಿದರೆ ಜಮೀನೆಷ್ಟೆಂದು ತಿಳಿಯುತ್ತದೆ ಎಂಬ ಮಾತೂ ಕೇಳಲು ಚೆನ್ನ, ನಂಬಲು ಕಷ್ಟ.

ಹೊಯ್ಬೂಡೆನ್‌ನಲ್ಲಿ ಪ್ರಾರ್ಥನೆ ಬಹುಕಾಲ ಮನೆಗಳಲ್ಲೇ ನಡೆಯಿತು. ಬಿಷಪ್ಪನ ಅನುಮತಿ ದೊರೆತು ಮರದ ಚರ್ಚು ಎದ್ದದ್ದು 1768ರಲ್ಲಿ. ಇಂಥ ಚರ್ಚುಗಳಿಗೆ ಗೋಪುರವಿಲ್ಲ, ಗಂಟೆಯಿಲ್ಲ. ಹೊರಗಿನಿಂದ ನೋಡಿದರೆ ದೊಡ್ಡ ರೈತನ ಮನೆ. ಈ ಸಭೆ ಬೆಳೆದು ಪ್ರದೇಶದ ದೊಡ್ಡ ಗ್ರಾಮೀಣ ಸಭೆಗಳಲ್ಲಿ ಒಂದಾಯಿತು. ಮನೆಯಲ್ಲಿ ಪ್ಲೌಟ್‌ಡೀಚ್ ಎಂಬ ಆಡುಮಾತು, ಪೀಠದಲ್ಲಿ ಮೊದಲು ಡಚ್, 18ನೇ ಶತಮಾನದ ಉತ್ತರಾರ್ಧದಿಂದ ಜರ್ಮನ್. ಚರ್ಚು ಈಗಿಲ್ಲ. ಸ್ಮಶಾನ ಇದೆ, ಊರಿನ ಚರಿತ್ರೆಯನ್ನು ಅಲ್ಲೇ ಓದಬೇಕು.

ಆಡಂಬರ ಪಾಪವೆಂದು ನಂಬಿದ ಈ ಜನ ಮೊದಲಿಗೆ ಕಲ್ಲು ನಿಲ್ಲಿಸುತ್ತಲೇ ಇರಲಿಲ್ಲ. ಸಮಾಧಿಗೆ ಮರದ ಹಲಗೆಯೇ ಸಾಕಿತ್ತು, ಅದು ಕೊಳೆತು ಹೋಗುತ್ತಿತ್ತು. 18ನೇ ಶತಮಾನದ ಕೊನೆಯ ಹೊತ್ತಿಗೆ ಬೆಳೆ ಕೈಹಿಡಿದು ಹಣ ಕೂಡಿತು, ಕಟ್ಟುಪಾಡು ಸಡಿಲವಾಯಿತು. ಬರೀ ಮೆಕ್ಕಲಿನ ಈ ಬಯಲಿನಲ್ಲಿ ಕಲ್ಲು ಸಿಗುವುದಿಲ್ಲ. ಹೊರಗಿನಿಂದ ತರಿಸಿದ ಮರಳುಗಲ್ಲಿನಲ್ಲಿ ಆಳೆತ್ತರದ ಫಲಕಗಳು ಎದ್ದವು. ನೆತ್ತಿಯಲ್ಲಿ ಸುರುಳಿ, ಹೂಮಾಲೆ, ಕೆಲವದರಲ್ಲಿ ರೆಕ್ಕೆ ಬಿಚ್ಚಿದ ಚಿಟ್ಟೆ ಅಥವಾ ಗಸಗಸೆಯ ಕಾಯಿ. ಚಿಟ್ಟೆ ಪುನರುತ್ಥಾನಕ್ಕೆ, ಗಸಗಸೆ ನಿದ್ದೆಗೆ ಸಂಕೇತ. ಆಮೇಲಿನ ತಲೆಮಾರಿನವರು ಕೊಂಬೆ ಕಡಿದ ಮರದ ಬೊಡ್ಡೆಯ ಆಕಾರದ ಕಲ್ಲುಗಳನ್ನೂ ನಿಲ್ಲಿಸಿದರು.

ಕೆತ್ತನೆಗಿಂತ ಬೆಲೆಯುಳ್ಳದ್ದು ಬರಹ. ಗೋಥಿಕ್ ಅಕ್ಷರಗಳು ಫಲಕದ ತಲೆಯಿಂದ ಬುಡದವರೆಗೆ ಒತ್ತೊತ್ತಾಗಿ ಇಳಿದಿವೆ; ಬೆನ್ನಿನ ಮೇಲೆ ಬೈಬಲ್ ವಚನ ಅಥವಾ ಪ್ರಾರ್ಥನಾಗೀತೆಯ ಪದ್ಯ. ಮುಂಭಾಗದಲ್ಲಿ ಹೆಸರು, ಹುಟ್ಟಿದ ದಿನ. ಮದುವೆಯಾದ ದಿನ, ಎಷ್ಟು ವರ್ಷ ಒಟ್ಟಿಗೆ ಬಾಳಿದರು. ಮರುಮದುವೆಯಾಗಿದ್ದರೆ ಅದೂ ಬೇರೆಯಾಗಿ. ಆಮೇಲೆ ಮಕ್ಕಳ ಲೆಕ್ಕ: ಹುಟ್ಟಿದವರೆಷ್ಟು, ಗಂಡೆಷ್ಟು ಹೆಣ್ಣೆಷ್ಟು, ತಂದೆತಾಯಿಗಿಂತ ಮುಂಚೆ ಹೋದವರೆಷ್ಟು. ಕೊನೆಯಲ್ಲಿ ಬದುಕಿದ ಆಯುಷ್ಯ ವರ್ಷ, ತಿಂಗಳು, ದಿನಗಳಲ್ಲಿ. ಹುಟ್ಟಿದ ತೇದಿಯೂ ಸತ್ತ ತೇದಿಯೂ ಅದೇ ಕಲ್ಲಿನ ಮೇಲಿರುವಾಗ ಈ ಕಳೆಯುವ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಆದರೂ ಅದನ್ನು ಮಾಡಿ, ಕಲ್ಲುಕುಟಿಗನಿಗೆ ಕೂಲಿ ಕೊಟ್ಟು ಕೆತ್ತಿಸಿದ್ದಾರೆ. ಸಭೆಯ ದಾಖಲೆ ಪುಸ್ತಕಗಳಲ್ಲೂ ಇದೇ ಶಿಸ್ತು ಕಾಣುತ್ತದೆ.

ಈ ಲೆಕ್ಕ ಬರೀ ಅಚ್ಚುಕಟ್ಟುತನದ ಚಟವಲ್ಲ. ಎಳೆ ಕೂಸುಗಳ ಸಾವು ಮನೆಮನೆಯ ಸಂಗತಿಯಾಗಿದ್ದ ಕಾಲದಲ್ಲಿ ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಕಲ್ಲು ನಿಲ್ಲಿಸುವವರಿರಲಿಲ್ಲ. ತಾಯಿಯ ಕಲ್ಲಿನ ಮೇಲೆ ಅಂಕಿಯಾಗಿ ಉಳಿಯುವುದೇ ಆ ಮಕ್ಕಳಿಗೆ ಸಿಕ್ಕ ಜಾಗ. ದೀಕ್ಷಾಸ್ನಾನವಾಗದೆ ಸತ್ತ ಮಗುವಿಗೂ ಮೋಕ್ಷವುಂಟು ಎಂಬುದು ಮೆನ್ನೊನೈಟರ ನಂಬಿಕೆ. ಹಾಗಾಗಿ ಸತ್ತವರೂ ಬದುಕಿದವರೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಎಣಿಕೆಯಾಗುತ್ತಾರೆ. ರಾಜರ ಶಿಲಾಶಾಸನಗಳು ದಾನ ದತ್ತಿಗಳನ್ನು ಎಣಿಸಿದ ಹಾಗೆ ಈ ಕಲ್ಲುಗಳು ಒಂದು ಸಂಸಾರವನ್ನು ಎಣಿಸುತ್ತವೆ. ಚರಿತ್ರೆಯ ಪುಸ್ತಕಗಳು ಈ ಸ್ಮಶಾನದ ಶಿಲ್ಪಶೈಲಿಗೆ ಪುಟಗಳನ್ನು ಕೊಟ್ಟು ಅಂಕಿಗಳಿಗೆ ಸಾಲೊಂದನ್ನು ಕೊಡುವುದು ಅನ್ಯಾಯ.

ಕಲ್ಲುಗಳ ಮೇಲಿಲ್ಲದ ಕಥೆ ಊರು ಬಿಟ್ಟವರದು. 1772ರಲ್ಲಿ ನಡೆದ ಪೋಲೆಂಡಿನ ಮೊದಲ ವಿಭಜನೆಯಲ್ಲಿ ಈ ಬಯಲು ಪ್ರಷ್ಯಾದ ಪಾಲಾಯಿತು. ಸೈನ್ಯಕ್ಕೆ ಆಳು ಕೊಡದಿರಲು ಮೆನ್ನೊನೈಟರು ವರ್ಷಕ್ಕೆ 5,000 ಥಾಲರ್ ಕಟ್ಟಬೇಕೆಂದು ಗೊತ್ತಾಯಿತು. ಆ ಹಣ ಹೋದದ್ದು ಕುಲ್ಮ್ ಪಟ್ಟಣದ ಸೈನಿಕ ಶಾಲೆಗೆ. ಆಯುಧ ಮುಟ್ಟದವರ ದುಡ್ಡಿನಲ್ಲಿ ಅಧಿಕಾರಿಗಳು ತಯಾರಾದರು. ಅದನ್ನಾದರೂ ಸಹಿಸಿಕೊಂಡರು. ನಿಜವಾದ ಪೆಟ್ಟು 1789ರ ರಾಜಾಜ್ಞೆ: ಮೆನ್ನೊನೈಟರು ಹೊಸ ಜಮೀನು ಕೊಳ್ಳುವುದಕ್ಕೆ ಅದು ಬಿಗಿಯಾದ ತಡೆ ಹಾಕಿತು. ಮನೆ ತುಂಬ ಗಂಡುಮಕ್ಕಳು, ಹಂಚಲು ನೆಲವಿಲ್ಲ. ಈ ವಲಸೆಯನ್ನು ಧರ್ಮಕ್ಕಾಗಿ ಮಾಡಿದ ತ್ಯಾಗವೆಂದಷ್ಟೇ ಬರೆಯುವುದು ರೂಢಿ. ಜಮೀನಿನ ಹಸಿವಿಗೆ ಅದರಲ್ಲಿ ಸಮಪಾಲಿದೆ. ರಷ್ಯಾದ ಎರಡನೆಯ ಕ್ಯಾಥರೀನ್ ರಾಣಿಯ ಕರೆಯ ಮೇರೆಗೆ 1788ರಿಂದಲೇ ಬಂಡಿಗಳು ಇಂದಿನ ಉಕ್ರೇನಿನತ್ತ ಹೊರಟಿದ್ದವು. ಅಲ್ಲಿ ಖೋರ್ಟಿಟ್ಸಾ, 1804ರಲ್ಲಿ ಮೊಲೊಚ್ನಾ ವಸಾಹತುಗಳು ಎದ್ದವು. ಈ ಎಳೆಯ ಒಂದು ತುದಿ ಭಾರತಕ್ಕೂ ಬಂದಿದೆ: ರಷ್ಯಾದ ಮೆನ್ನೊನೈಟ್ ವಸಾಹತುಗಳಿಂದ ಬಂದ ಮಿಷನರಿ ಅಬ್ರಹಾಂ ಫ್ರೀಸೆನ್ 19ನೇ ಶತಮಾನದ ಕೊನೆಯಲ್ಲಿ ನೆಲೆಸಿದ್ದು ನಿಜಾಮರ ಸೀಮೆಯ ನಲ್ಗೊಂಡದಲ್ಲಿ.

1867ರ ಕಾನೂನು ಕಡ್ಡಾಯ ಸೈನಿಕ ಸೇವೆಯಿಂದ ಇದ್ದ ವಿನಾಯಿತಿಯನ್ನು ಕಿತ್ತುಕೊಂಡಿತು. ಮರುವರ್ಷದ ರಾಜಾಜ್ಞೆ ಬಂದೂಕು ಹಿಡಿಯದೆ ಗುಮಾಸ್ತ, ಶುಶ್ರೂಷಕ, ಬಂಡಿಯಾಳಾಗಿ ದುಡಿಯುವ ಅವಕಾಶ ಕೊಟ್ಟಿತು. ಹೊಯ್ಬೂಡೆನ್ ಸಭೆ ಇಬ್ಭಾಗವಾಯಿತು. ಸಮವಸ್ತ್ರ ತೊಟ್ಟ ಮೇಲೆ ಬಂದೂಕಿದ್ದರೇನು, ಇಲ್ಲದಿದ್ದರೇನು ಎಂದವರ ಮುಂದಾಳು ಹಿರಿಯ ಗೆರ್ಹಾರ್ಡ್ ಪೆನ್ನರ್. 1870ರ ದಶಕದಲ್ಲಿ ಅವನೂ ಅವನ ಕಡೆಯವರೂ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಿಯಾಟ್ರಿಸ್ ಪಟ್ಟಣದ ಬಳಿ ಹೋಗಿ ನೆಲೆಸಿದರು. ಹಿಂದೆ ಉಳಿದವರ ಮಕ್ಕಳು ಮೊದಲ ಮಹಾಯುದ್ಧದ ಹೊತ್ತಿಗೆ ಉಳಿದ ಜರ್ಮನರಂತೆಯೇ ಆಯುಧ ಹಿಡಿದರು.

1920ರಿಂದ 1939ರವರೆಗೆ ಊರು ಡಾನ್ಜಿಗ್ ಮುಕ್ತನಗರದ ಗಡಿಯೊಳಗಿತ್ತು. ಯುದ್ಧ ಶುರುವಾದಾಗ ಇದೇ ಮುಖಜಭೂಮಿಯ ಸ್ಟುಟ್‌ಹೋಫ್‌ನಲ್ಲಿ ನಾಜಿಗಳ ಯಾತನಾಶಿಬಿರ ಎದ್ದಿತು. ಅಲ್ಲಿನ ಬಂದಿಗಳನ್ನು ದುಡಿಸಿಕೊಂಡವರಲ್ಲಿ ಮೆನ್ನೊನೈಟರೂ ಇದ್ದರು. ಈ ಸಮುದಾಯದ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. 1945ರ ಜನವರಿಯಲ್ಲಿ ಸೋವಿಯೆತ್ ಸೇನೆ ಹತ್ತಿರವಾದಂತೆ ಜನ ಹಿಮದಲ್ಲೇ ಬಂಡಿ ಕಟ್ಟಿದರು. ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಒಡ್ಡುಗಳನ್ನು ಸಿಡಿಸಿತು. ಝುವಾವಿಯ ಬಹುಭಾಗ ಮತ್ತೆ ನೀರಿನಡಿ ಹೋಯಿತು. ನಿರಾಶ್ರಿತರಲ್ಲಿ ಹಲವರು ಡೆನ್ಮಾರ್ಕಿನ ಶಿಬಿರಗಳಲ್ಲಿದ್ದು, ಆಮೇಲೆ ಪಶ್ಚಿಮ ಜರ್ಮನಿ, ಕೆನಡಾ, ಪರಾಗ್ವೆ, ಉರುಗ್ವೆಗಳಿಗೆ ಚದುರಿದರು.

ನೀರು ಹಿಂದಕ್ಕೆ ಹಾಕುವ ಕೆಲಸ ಈಗ ಹೊಸಬರ ಪಾಲಿಗೆ ಬಂತು. ಪೋಲೆಂಡಿನ ಒಳನಾಡಿನಿಂದ, ಕಳೆದುಕೊಂಡ ಪೂರ್ವ ಪ್ರಾಂತ್ಯಗಳಿಂದ ಬಂದವರ ಜೊತೆಗೆ 1947ರಲ್ಲಿ ಬಲವಂತವಾಗಿ ಎಬ್ಬಿಸಿ ತಂದ ಉಕ್ರೇನಿಯನ್ನರೂ ಈ ಬಯಲಿಗೆ ಬಂದು ಸೇರಿದರು. ಅವರಿಗೆ ಹಳೆಯ ಜರ್ಮನ್ ಬರಹ ಶತ್ರುವಿನ ಬರಹ. ಝುವಾವಿಯ ಎಷ್ಟೋ ಸ್ಮಶಾನಗಳ ಕಲ್ಲುಗಳು ಉರುಳಿದವು, ಒಡೆದವು, ಮೆಟ್ಟಿಲಾದವು. ಮನೆ ಕಳೆದುಕೊಂಡು ಬಂದವರಿಂದ ಇನ್ನೊಬ್ಬರ ಸಮಾಧಿಗೆ ಗೌರವ ಬಯಸುವುದು ಆಗ ಸುಲಭದ ಮಾತಾಗಿರಲಿಲ್ಲ. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ ಗಾಳಿ ತಿರುಗಿತು. ಸಮೀಪದ ನೋವಿ ದ್ವೂರ್ ಗ್ದಾನ್ಸ್ಕಿ ಪಟ್ಟಣದ ಸ್ಥಳೀಯರು ಹಳೆಯ ಡೈರಿ ಕಟ್ಟಡದಲ್ಲಿ ಝುವಾವಿ ವಸ್ತುಸಂಗ್ರಹಾಲಯ ತೆರೆದರು. ನೆದರ್‌ಲೆಂಡ್ಸಿನ ಸ್ವಯಂಸೇವಕರು ಪೋಲಿಷ್ ಯುವಕರ ಜೊತೆ ನಿಂತು ಪೊದೆ ಕಡಿದು ಕಲ್ಲುಗಳನ್ನೆತ್ತಿ ನಿಲ್ಲಿಸಿದರು.

ಸ್ಟೋಗಿಗೆ ಈಗ ಅಮೆರಿಕ, ಕೆನಡಾಗಳಿಂದ ವೀಬೆ, ಪೆನ್ನರ್, ಕ್ಲಾಸೆನ್ ಮನೆತನದವರು ವಂಶವೃಕ್ಷ ಹಿಡಿದು ಬರುತ್ತಾರೆ. ಮರಳುಗಲ್ಲು ತೇವ ಕುಡಿದು ಪದರುಪದರಾಗಿ ಕಳಚುವ ಜಾತಿಯದು. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬಹುದು, ಉದುರಿದ ಅಕ್ಷರವನ್ನು ಮರಳಿ ತರಲಾಗದು. ಹೊಸ ಬೇಲಿ, ಮಾಹಿತಿ ಫಲಕಗಳಿಗಿಂತ ಮೊದಲು ಆಗಬೇಕಾದ ಕೆಲಸ ಉಳಿದಿರುವ ಪ್ರತಿ ಬರಹವನ್ನೂ ಮಕ್ಕಳ ಲೆಕ್ಕದ ಸಾಲಿನ ಸಮೇತ ಪೂರ್ತಿಯಾಗಿ ನಕಲು ಮಾಡಿಡುವುದು.