ಕರೆಂಟು ಹೋದಾಗ ಸಂಪಿಗೆ ಬರುವ ನೆಂಟರು

ನಂದಗುಡಿಯ ಓದುಗರೊಬ್ಬರು ಬರೆದಿದ್ದಾರೆ: 'ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟಿದ್ದೇನೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗಿನ ಸಂಪಿನಿಂದ ನೀರೆತ್ತಲು ಗಂಟೆಗೆ 3000 ಲೀಟರಿನ ಪಂಪು ತಂದೆ. 20 ಲೀಟರಿನ ಬಕೆಟ್ ತುಂಬಲು ಪೂರ್ತಿ ಒಂದು ನಿಮಿಷ ಹಿಡಿಯುತ್ತದೆ. ಸಾಲದ್ದಕ್ಕೆ, ಕರೆಂಟು ಹೋದಾಗಲೆಲ್ಲ ನಡುಮನೆ ಕೆರೆಯಾಗುತ್ತದೆ. ಪಂಪೇ ಕೆಟ್ಟದ್ದೇ ಸಾರ್?'

ಪತ್ರ ಓದಿ ಖುಷಿಯಾಯಿತು. ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು; ನಂದಗುಡಿಯಿಂದ ಯಾವ ಕಡಲು ಮುಟ್ಟಬೇಕೆಂದರೂ ನೂರಾರು ಕಿಲೋಮೀಟರ್. ಅಂಥ ಊರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಕದಡಿ ಕಡಲನ್ನೇ ಮನೆಗೆ ತಂದಿದ್ದಾರಲ್ಲ!

ನಂದಗುಡಿ ಇರುವ ಹೊಸಕೋಟೆ ಸೀಮೆಯವರಿಗೆ ಸಂಪು ಎಂದರೇನೆಂದು ಹೇಳಿಕೊಡಬೇಕಿಲ್ಲ. ಮೀನುತೊಟ್ಟಿಯದೂ ಅದೇ ಸಂಸಾರ. ಮೇಲೆ ಕೋಡಿ ಬಿದ್ದ ನೀರು ಕೆಳಗಿಳಿದು, ಸೋಸಿಕೊಂಡು, ಮೋಟಾರಿನಿಂದ ಮತ್ತೆ ಮೇಲೇರುತ್ತದೆ.

ಪಂಪು ಕೆಟ್ಟಿಲ್ಲ. 3000 ಎಂಬುದು ನೀರನ್ನು ಒಂದಿಂಚೂ ಎತ್ತದೆ ಸುಮ್ಮನೆ ಹೊರಚೆಲ್ಲಿದಾಗಿನ ಲೆಕ್ಕ. ಅದೇ ಡಬ್ಬದ ಮೇಲೆ 'ಗರಿಷ್ಠ ಹೆಡ್' ಎಂದು ಇನ್ನೊಂದು ಅಂಕಿ ಇರುತ್ತದೆ. ಆ ಎತ್ತರದಲ್ಲಿ ಒಂದು ಹನಿಯೂ ಬರುವುದಿಲ್ಲ. ನಿಮ್ಮ ತೊಟ್ಟಿ ಈ ಎರಡರ ನಡುವೆ ಎಲ್ಲೋ ಇದೆ. ಸಾವಿರ ಅಡಿ ಬೋರಿಗೆ ಮೋಟಾರು ಕೊಳ್ಳುವಾಗ 'ಎಷ್ಟು ಸ್ಟೇಜು, ಎಷ್ಟು ಹೆಡ್ಡು' ಎಂದು ಅಂಗಡಿಯವನ ಬೆವರಿಳಿಸುವ ನಮ್ಮ ರೈತರು, ಮೀನಿನ ಪಂಪಿನ ಮುಂದೆ ಆ ಜಾಣತನ ಮರೆಯುವುದೇಕೋ.

ಇರಲಿ, ನಿಮ್ಮ ತೊಟ್ಟಿ ಹಿಡಿಯುವುದೇ ಸುಮಾರು 240 ಲೀಟರ್. ನಿಮಿಷಕ್ಕೊಂದು ಬಕೆಟ್ ಎಂದರೆ ಗಂಟೆಗೆ 1200. ನೀರು ಐದು ಸುತ್ತು ಬಂದಂತಾಯಿತು. ಸಂಪಿನ ಮೂಲಕ ಅಷ್ಟು ಹರಿದರೆ ಧಾರಾಳ. ಅಲೆ ಬೇಕಿದ್ದರೆ ತೊಟ್ಟಿಯೊಳಗೇ ಬೇರೆ ಸಣ್ಣ ಪಂಪು ಇಡಿ.

ಆದರೆ ಪತ್ರದ ಇನ್ನೊಂದು ಸಾಲು ಓದಿ ರೇಗಿತು. ವಾಸ್ತು ಹೇಳುವವರ ಮಾತು ಕೇಳಿ ಸಂಪನ್ನು ಈಶಾನ್ಯ ಮೂಲೆಗೆ ತಳ್ಳಿ, ಅಲ್ಲಿಂದ ಇಪ್ಪತ್ತು ಅಡಿ ಅರ್ಧ ಇಂಚಿನ ಪೈಪು, ಏಳು ಎಲ್ಬೋ ಹಾಕಿಸಿದ್ದಾರೆ! ನೀರಿಗೆ ದಿಕ್ಕು ಗೊತ್ತಿಲ್ಲ ಸ್ವಾಮಿ, ಇಕ್ಕಟ್ಟು ಗೊತ್ತು. ಅಷ್ಟೇ ನೀರು ಹರಿಯುವಾಗ ಪೈಪಿನ ಅಗಲ ಅರ್ಧಕ್ಕಿಳಿದರೆ ತಿಕ್ಕಾಟದ ನಷ್ಟ ಹೆಚ್ಚುಕಡಿಮೆ 32 ಪಟ್ಟು ಏರುತ್ತದೆ. ಸಂಪನ್ನು ತೊಟ್ಟಿಯ ಕೆಳಗೇ ಇಟ್ಟು ಒಂದಿಂಚಿನ ಪಿವಿಸಿ ಹಾಕಿಸಿ. ಪ್ಲಂಬರ್ ಅಭ್ಯಾಸಬಲದಿಂದ ಹಿತ್ತಾಳೆ ವಾಲ್ವ್ ತಂದರೆ ವಾಪಸು ಕಳಿಸಿ. ಹಿತ್ತಾಳೆಯಲ್ಲಿ ತಾಮ್ರವಿದೆ. ಉಪ್ಪುನೀರು ಅದನ್ನು ಕರಗಿಸುತ್ತದೆ, ಸಿಗಡಿಗಳಿಗೆ ಅದು ವಿಷ.

ಈಗ ಕೆರೆಯಾದ ನಡುಮನೆಗೆ ಬರೋಣ. ಸೀಮೆಎಣ್ಣೆ ಡ್ರಮ್ಮಿಗೆ ಪೈಪು ಇಳಿಬಿಟ್ಟು, ಬಾಯಲ್ಲಿ ಒಮ್ಮೆ ಎಳೆದು, ಥೂ ಎಂದು ಉಗಿದು ಕೆಳಗೆ ಬಿಟ್ಟವರಿಗೆಲ್ಲ ಸೈಫನ್ ಗೊತ್ತು. ಮೋಟಾರು ನಿಂತ ಕ್ಷಣ ನಿಮ್ಮ ಪೈಪು ಮಾಡುವುದೂ ಅದನ್ನೇ. ಮೇಲೇರುತ್ತಿದ್ದ ನೀರು ತಿರುಗಿ ಕೆಳಗಿಳಿಯುತ್ತದೆ; ತೊಟ್ಟಿಯೊಳಗೆ ಮುಳುಗಿರುವ ಪೈಪಿನ ಬಾಯಿಗೆ ಗಾಳಿ ಸಿಗುವತನಕ ನಿಲ್ಲುವುದಿಲ್ಲ.

ಇದರ ಗುಟ್ಟಿನಲ್ಲಿ ದೊಡ್ಡವರೇ ಎಡವಿದ್ದಾರೆ. ಗಾಳಿಯ ಒತ್ತಡವೇ ಸೈಫನ್ನಿನ ನೀರನ್ನು ನೂಕುತ್ತದೆ ಎಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1911ರಿಂದ ಹೇಳುತ್ತಾ ಬಂದಿತ್ತು. ಅದು ತಪ್ಪೆಂದು 2010ರಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ಭೌತವಿಜ್ಞಾನಿ ಸ್ಟೀಫನ್ ಹ್ಯೂಸ್. ಗಾಳಿಯ ಒತ್ತಡ ನೀರಿನ ಎಳೆ ತುಂಡಾಗದಂತೆ ಕಾಯಬಹುದು, ಎಳೆಯುವುದು ಗುರುತ್ವ. ರಾಟೆಯ ಮೇಲೆ ಹಾಕಿದ ಸರಪಳಿಯಲ್ಲಿ ಉದ್ದವಾಗಿ ಇಳಿಬಿದ್ದ ಭಾಗ ಉಳಿದದ್ದನ್ನು ಎಳೆದುಕೊಳ್ಳುವುದಿಲ್ಲವೇ, ಹಾಗೆ. ವಸುದೇವನ ಬಟ್ಟಲು ಎಂಬ ಹಳೆಯ ಹಿತ್ತಾಳೆ ಆಟಿಕೆಯಲ್ಲಿ ನೀರು ಏರಿ ಕೃಷ್ಣನ ಪಾದ ಮುಟ್ಟುತ್ತಲೇ ಬಟ್ಟಲು ತಾನಾಗಿ ಬರಿದಾಗುತ್ತದೆ. ಅದನ್ನು ಪವಾಡವೆಂದು ಕೈಮುಗಿದವರುಂಟು. ಒಳಗೆ ಅಡಗಿಸಿಟ್ಟ ಕೊಳವೆಯ ಸೈಫನ್ ಅದು. ಕೈಮುಗಿಯಬೇಕಾದ್ದು ಮಾಡಿದ ಕುಶಲಿಗನಿಗೆ.

ಲೆಕ್ಕ ನೋಡಿ. ತೊಟ್ಟಿ 120 ಸೆಂಟಿಮೀಟರ್ ಉದ್ದ, 45 ಅಗಲ. ಪೈಪಿನ ಬಾಯಿ 5 ಸೆಂಟಿಮೀಟರ್ ಮುಳುಗಿದ್ದರೆ ಕೆಳಗಿಳಿಯುವುದು 27 ಲೀಟರ್, ಹತ್ತಿರಹತ್ತಿರ ಎರಡು ಬಿಂದಿಗೆ. ಬಾಯಿಯನ್ನು 2 ಸೆಂಟಿಮೀಟರಿಗೆ ಏರಿಸಿದರೆ 11 ಲೀಟರೂ ದಾಟದು. ಇಷ್ಟು ನೆಂಟರಿಗೆ ಸಂಪಿನಲ್ಲಿ ಸದಾ ಜಾಗ ಖಾಲಿ ಇರಲೇಬೇಕು.

'ನಾನ್ ರಿಟರ್ನ್ ವಾಲ್ವ್ ಹಾಕಿದರಾಯಿತಲ್ಲ?' ಎನ್ನಬೇಡಿ. ಒಮ್ಮೆ ನಾನೂ ಅದನ್ನೇ ನಂಬಿದ್ದೆ. ಅಕ್ಕಿಕಾಳಿನಷ್ಟು ಬಸವನಹುಳು ಅದರ ಬಾಗಿಲಲ್ಲಿ ಸಿಕ್ಕಿಕೊಂಡು, ಬೆಳಗೆದ್ದಾಗ ಚಾಪೆ ತೇಲುತ್ತಿತ್ತು. ಪೈಪಿನಲ್ಲಿ ನೀರಿನ ಮಟ್ಟಕ್ಕೆ ತುಸು ಕೆಳಗೆ ಒಂದು ಸಣ್ಣ ತೂತು ಕೊರೆಯಿರಿ. ನೀರು ಅಲ್ಲಿಗಿಳಿದಾಗ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ಉಜ್ಜಿ.

ಕೊನೆಗೊಂದು ಪರೀಕ್ಷೆ. ಮೀನು ಬಿಡುವ ಮೊದಲೇ ಮಾಡಬೇಕಿತ್ತು, ಈಗಲಾದರೂ ಮಾಡಿ. ಎಲ್ಲ ಜೋಡಿಸಿ ಪಂಪು ಓಡಿಸಿ, ನೀವೇ ಸ್ವಿಚ್ ಆರಿಸಿ, ನೀರು ಇಳಿದು ನಿಲ್ಲುವತನಕ ಕಾಯಿರಿ. ಸಂಪಿನ ಗಾಜಿನ ಮೇಲೆ ಆ ಮಟ್ಟಕ್ಕೆ ಗೆರೆ ಎಳೆಯಿರಿ. ಗೆರೆಗೂ ಅಂಚಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿದ್ದರೆ, ರಾತ್ರಿ ಕರೆಂಟು ಹೋದರೂ ನೀವು ಏಳಬೇಕಿಲ್ಲ.