ಮೂತ್ರಪಿಂಡದ ರಕ್ಷಣೆಗೆ ಕೃತಕ ಬುದ್ಧಿಮತ್ತೆ

ಮೂತ್ರಪಿಂಡಗಳು ನಮ್ಮ ರಕ್ತವನ್ನು ಶೋಧಿಸಿ ಕಲ್ಮಶವನ್ನು ಹೊರಹಾಕುತ್ತವೆ. ದೇಹದ ನೀರು, ಲವಣಗಳ ಸಮತೋಲನವನ್ನು ಕಾಯುತ್ತವೆ. ತೀವ್ರ ವಾಂತಿಭೇದಿ, ರಕ್ತಸ್ರಾವ, ಸೋಂಕು ಹಾಗೂ ಕೆಲವು ಔಷಧಗಳಿಂದ ಅವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಶಕ್ತಿಗುಂದಬಹುದು. ಸಕಾಲದಲ್ಲಿ ಗುರುತಿಸಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ತಡವಾದರೆ ಡಯಾಲಿಸಿಸ್ ಅನಿವಾರ್ಯವಾಗಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು.

ಗುರುತಿಸುವುದೇ ಇಲ್ಲಿನ ಕಷ್ಟ. ಈ ಹಾನಿಯು ಆರಂಭದಲ್ಲಿ ಸಾಮಾನ್ಯವಾಗಿ ನೋವುಂಟುಮಾಡುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಅಂಶವು 48 ಗಂಟೆಗಳಲ್ಲಿ ಪ್ರತಿ ಡೆಸಿಲೀಟರಿಗೆ 0.3 ಮಿಲಿಗ್ರಾಂನಷ್ಟು ಏರಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಆದರೆ ಆ ಏರಿಕೆ ಕಾಣುವುದು ಹಾನಿ ಆರಂಭವಾದ ಮೇಲೆಯೇ. ಇತ್ತ ತುರ್ತು ಚಿಕಿತ್ಸಾ ವಿಭಾಗದ ವೈದ್ಯರಾದರೋ ಯಾವ ನೋವುನಿವಾರಕ ಕೊಡಬೇಕು, ಎಷ್ಟು ಸಲೈನ್ ಹಾಕಬೇಕು, ರೋಗಿಯನ್ನು ಮನೆಗೆ ಕಳುಹಿಸಬಹುದೇ ಎಂಬುದನ್ನು ಅಲ್ಪಾವಧಿಯಲ್ಲಿ ನಿರ್ಧರಿಸಬೇಕು.

ಕೃತಕ ಬುದ್ಧಿಮತ್ತೆಯು ನೆರವಾಗಬಲ್ಲದ್ದು ಇಲ್ಲಿಯೇ. ರೋಗಿಯ ವಯಸ್ಸು, ರಕ್ತದೊತ್ತಡ, ಹಳೆಯ ವರದಿಗಳು, ಸೇವಿಸುತ್ತಿರುವ ಔಷಧಗಳು ಇವೆಲ್ಲವನ್ನೂ ಕಂಪ್ಯೂಟರ್ ಒಟ್ಟಾಗಿ ಪರಿಶೀಲಿಸಿ ಅಪಾಯದ ಸಾಧ್ಯತೆಯನ್ನು ಲೆಕ್ಕಹಾಕುತ್ತದೆ. ಡೀಪ್‌ಮೈಂಡ್ ಸಂಸ್ಥೆಯು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಏಳು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳಿಂದ ಇಂಥದೊಂದು ವ್ಯವಸ್ಥೆಯನ್ನು ರೂಪಿಸಿ, 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರ ಪ್ರಕಟಿಸಿತು. ಒಳರೋಗಿಗಳಲ್ಲಿ ಉಂಟಾದ ಹಾನಿಯ ಪ್ರಸಂಗಗಳಲ್ಲಿ ಶೇ. 55.8ರಷ್ಟನ್ನು ಅದು 48 ಗಂಟೆಗಳವರೆಗೆ ಮುಂಚಿತವಾಗಿ ಸೂಚಿಸಿತು. ಆದರೆ ಪ್ರತಿಯೊಂದು ನಿಜವಾದ ಎಚ್ಚರಿಕೆಗೆ ಎರಡು ಹುಸಿ ಎಚ್ಚರಿಕೆಗಳಿದ್ದವು. ಆ ದಾಖಲೆಗಳಲ್ಲಿ ಮಹಿಳೆಯರ ಪಾಲು ಶೇ. 7ನ್ನೂ ಮುಟ್ಟಿರಲಿಲ್ಲವಾದ್ದರಿಂದ, ಅದರ ಲೆಕ್ಕ ಎಲ್ಲರಿಗೂ ಒಪ್ಪುತ್ತದೆ ಎನ್ನಲಾಗದು. ತುರ್ತು ವಿಭಾಗದಲ್ಲಿಯೇ ದೊರೆಯುವ ಮಾಹಿತಿಯಿಂದ ಮುನ್ಸೂಚನೆ ನೀಡುವ ಪ್ರಯತ್ನವನ್ನು ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರೂ ನಡೆಸಿದ್ದಾರೆ.

ಎಚ್ಚರಿಕೆಯ ಗಂಟೆ ಬಾರಿಸಿದ ಮಾತ್ರಕ್ಕೆ ರೋಗಿ ಬದುಕುತ್ತಾನೆಯೇ? ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಆಸ್ಪತ್ರೆಗಳ 6,030 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಅಲ್ಲಿ ಬಳಸಿದ್ದು ಕೃತಕ ಬುದ್ಧಿಮತ್ತೆಯಲ್ಲ. ಕ್ರಿಯಾಟಿನಿನ್ ಏರಿದಾಗ ಕಂಪ್ಯೂಟರ್ ವೈದ್ಯರಿಗೆ ನೀಡುವ ಸರಳ ಸೂಚನೆ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಟ್ಟಾರೆಯಾಗಿ ಡಯಾಲಿಸಿಸ್ ಆಗಲಿ ಮರಣವಾಗಲಿ ಕಡಿಮೆಯಾಗಲಿಲ್ಲ. ಬೋಧನಾ ಆಸ್ಪತ್ರೆಗಳಲ್ಲದ ಕಡೆ ಸೂಚನೆ ದೊರೆತ ಗುಂಪಿನಲ್ಲಿಯೇ ಹೆಚ್ಚು ಸಾವುಗಳು ಸಂಭವಿಸಿದವು. ಸೂಚನೆಯ ಬಳಿಕ ಏನು ಮಾಡಬೇಕೆಂಬ ವಿವೇಕವೇ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಯಂತ್ರವಾಗಲಿ ವೈದ್ಯರಾಗಲಿ ನಿರ್ಣಯಿಸುವುದು ದೊರೆತ ಮಾಹಿತಿಯ ಆಧಾರದ ಮೇಲೆ. ಆದುದರಿಂದ ಓದುಗರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಆಸ್ಪತ್ರೆಗೆ ಹೋಗುವಾಗ ಹಳೆಯ ರಕ್ತಪರೀಕ್ಷೆಯ ವರದಿಗಳನ್ನೂ ಸೇವಿಸುತ್ತಿರುವ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಕೇಳುವ ಮೊದಲೇ ತಿಳಿಸಿರಿ. ನಾಟಿ ಔಷಧ ಸೇವಿಸಿದ್ದರೆ ಸಂಕೋಚಪಟ್ಟು ಮುಚ್ಚಿಡಬೇಡಿರಿ. ವಾಂತಿಭೇದಿಯಿಂದ ಬಳಲುವಾಗ ವೈದ್ಯರನ್ನು ಕೇಳದೆ ನೋವಿನ ಮಾತ್ರೆಗಳನ್ನು ನುಂಗಬೇಡಿರಿ.