ತರಗತಿಯಲ್ಲಿ ವಿದ್ಯಾರ್ಥಿಗಳ ಸ್ವಂತ ಮೊಬೈಲ್: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಬೆಂಗಳೂರು ದಕ್ಷಿಣ ತಾಲ್ಲೂಕಿನ ಕಗ್ಗಲೀಪುರ, ಸೋಮನಹಳ್ಳಿ, ತಾತಗುಣಿ ಸುತ್ತಲಿನ ಗ್ರಾಮಗಳಿಂದ ಬನಶಂಕರಿ, ಜೆ.ಪಿ. ನಗರ, ಜಯನಗರಗಳ ಪ್ರೌಢಶಾಲೆ ಹಾಗೂ ಪದವಿ ಪೂರ್ವ ಕಾಲೇಜುಗಳಿಗೆ ಬಸ್ಸು, ಮೆಟ್ರೊಗಳಲ್ಲಿ ಹೋಗಿ ಬರುವ ಮಕ್ಕಳಿದ್ದಾರೆ. ದೂರ ಹೋಗುವ ಮಗುವಿನ ಬಳಿ ಮೊಬೈಲ್ ಇರಲಿ ಎಂಬುದು ಪೋಷಕರ ಅಪೇಕ್ಷೆ. ತರಗತಿಯೊಳಗೆ ಅದು ಪಾಠಕ್ಕೆ ಅಡ್ಡಿಯಾಗುತ್ತದೆ ಎಂಬುದು ಶಿಕ್ಷಕರ ಆತಂಕ. ಇದೇ ಪ್ರಶ್ನೆ ಗ್ರಾಮದ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದೆಯೂ ಬಂದಾಗ ಸದಸ್ಯರು ಯಾವ ಆಧಾರದ ಮೇಲೆ ಅಭಿಪ್ರಾಯ ನೀಡಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಬೇರ್ಪಡಿಸಬೇಕಾದ ಎರಡು ಪ್ರಶ್ನೆಗಳು

ಮೊಬೈಲನ್ನು ಶಾಲೆಗೆ ತರಬಹುದೇ ಎಂಬುದು ಒಂದು ಪ್ರಶ್ನೆ. ಅದನ್ನೇ ತರಗತಿಯ ಪಾಠಕ್ಕೆ ಬಳಸಬಹುದೇ ಎಂಬುದು ಮತ್ತೊಂದು. ಮೊದಲನೆಯದು ಸುರಕ್ಷತೆ ಮತ್ತು ಶಿಸ್ತಿಗೆ ಸಂಬಂಧಿಸಿದ್ದು; ಎರಡನೆಯದು ಸಮಾನತೆಗೆ ಸಂಬಂಧಿಸಿದ್ದು. ಚರ್ಚೆಯಲ್ಲಿ ಇವೆರಡೂ ಬೆರೆತುಹೋದರೆ ಪೂರ್ಣ ನಿಷೇಧ ಅಥವಾ ಪೂರ್ಣ ಅನುಮತಿ ಎಂಬ ಎರಡೇ ದಾರಿಗಳು ಕಾಣುತ್ತವೆ.

ಮೊದಲ ಪ್ರಶ್ನೆಗೆ ದೆಹಲಿ ಹೈಕೋರ್ಟ್ 2025ರಲ್ಲಿ ನೀಡಿದ ಮಾರ್ಗಸೂಚಿ ನೆರವಾಗುತ್ತದೆ. ಶಾಲೆಗೆ ಸ್ಮಾರ್ಟ್‌ಫೋನ್ ತರುವುದನ್ನು ಸಂಪೂರ್ಣವಾಗಿ ನಿಷೇಧಿಸುವುದು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಆದರೆ ಬಳಕೆಯನ್ನು ನಿಯಂತ್ರಿಸಬೇಕು, ಸಾಧ್ಯವಿರುವಲ್ಲಿ ಬೆಳಿಗ್ಗೆ ಫೋನ್ ಪಡೆದು ಸಂಜೆ ಹಿಂತಿರುಗಿಸುವ ವ್ಯವಸ್ಥೆ ಇರಬೇಕು, ಪೋಷಕರು ಮತ್ತು ಶಿಕ್ಷಕರೊಂದಿಗೆ ಸಮಾಲೋಚಿಸಿ ನಿಯಮ ರೂಪಿಸಬೇಕು ಎಂದೂ ಸೂಚಿಸಿತು. ಕರ್ನಾಟಕದ ಶಾಲೆಗಳಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ಸಮಿತಿಗಳು ಪರಿಶೀಲಿಸಬಹುದಾದ ಮಾದರಿಯಾಗಿದೆ.

ಎರಡನೆಯ ಪ್ರಶ್ನೆ ಹೆಚ್ಚು ಗಂಭೀರವಾದುದು. ಅದರ ಪರಿಣಾಮವನ್ನು ರಾಜ್ಯವು 2020ರಲ್ಲಿಯೇ ಕಂಡಿದೆ.

2020ರ ಪಾಠ

ಕೋವಿಡ್ ಕಾರಣ ಶಾಲೆಗಳು ಮುಚ್ಚಿದ್ದಾಗ ಕಿರಿಯ ತರಗತಿಗಳ ಆನ್‌ಲೈನ್ ಪಾಠವನ್ನು ರಾಜ್ಯ ಸರ್ಕಾರ 2020ರ ಜೂನ್ ತಿಂಗಳಲ್ಲಿ ನಿರ್ಬಂಧಿಸಿತು. ಜುಲೈ 8ರಂದು ಕರ್ನಾಟಕ ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಪಾಠಕ್ಕೆ ಅನುಮತಿ ದೊರೆತರೂ ಸಾಧನವಿಲ್ಲದ ಮನೆಗಳ ಸಮಸ್ಯೆ ಹಾಗೆಯೇ ಉಳಿಯಿತು. ಅದೇ ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದಾಗ, ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳಿಗಾಗಿ ಟಿ.ವಿ. ಕೊಳ್ಳಲು ತಾಳಿಯನ್ನೇ ಅಡವಿಟ್ಟ ಸಂಗತಿ ವರದಿಯಾಯಿತು.

ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮವು ಮೊದಲು ಯಾರ ಮನೆಯಲ್ಲಿ ಏನಿದೆ ಎಂಬುದನ್ನು ಗುರುತಿಸಿತು. ಯಾವ ಸಾಧನವೂ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲ್ ಉಳ್ಳವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಉಳ್ಳವರು ಎಂದು ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ದೇವಸ್ಥಾನದ ಆವರಣ, ಸಮುದಾಯ ಭವನ, ಮರದ ನೆರಳಿಗೆ ಶಿಕ್ಷಕರೇ ಬಂದು ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತಾದರೂ ಅದು ಅನುಸರಿಸಿದ ತತ್ವ ಇಂದಿಗೂ ಸರಿಯಾದುದು: ಮೊದಲು ಸಾಧನವಿಲ್ಲದ ಮಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಬಳಿಕ ಬೋಧನೆಯ ವಿಧಾನವನ್ನು ನಿರ್ಧರಿಸುವುದು.

ಮನೆಯಲ್ಲಿರುವ ಫೋನ್ ಮಗುವಿನದಲ್ಲ

ಈಗ ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇದೆ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ದೇಶದ ಗ್ರಾಮೀಣ ಭಾಗವನ್ನು ಕುರಿತ ‘ಅಸರ್’ 2024ರ ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದನ್ನು ಬಳಸಬಲ್ಲ ಮಕ್ಕಳಲ್ಲಿ ಸ್ವಂತ ಫೋನ್ ಇರುವವರು ಮೂರರಲ್ಲಿ ಒಬ್ಬರಷ್ಟೇ. ಹುಡುಗರಲ್ಲಿ ಈ ಪ್ರಮಾಣ ಶೇ 36ರಷ್ಟಿದ್ದರೆ ಹುಡುಗಿಯರಲ್ಲಿ ಶೇ 27ರಷ್ಟಿದೆ. ಮನೆಯ ಒಂದೇ ಫೋನ್ ಬೆಳಿಗ್ಗೆ ತಂದೆಯೊಂದಿಗೆ ಕೆಲಸಕ್ಕೆ ಹೋಗುತ್ತದೆ. ಆದುದರಿಂದ ‘ನಿಮ್ಮ ಫೋನ್ ತನ್ನಿ’ ಎಂಬ ಸೂಚನೆ ಬಡ ಮಕ್ಕಳನ್ನು, ಅವರಲ್ಲಿಯೂ ಹೆಣ್ಣುಮಕ್ಕಳನ್ನು, ಪಾಠದಿಂದ ಹೊರಗಿಡುವ ಸಾಧ್ಯತೆ ಇದೆ. ಸಾಲ ಮಾಡಿ ಫೋನ್ ಕೊಡಿಸುವ ಒತ್ತಡವೂ ಪೋಷಕರ ಮೇಲೆ ಬೀಳುತ್ತದೆ.

ಬಳಕೆಯ ಉದ್ದೇಶವೂ ಗಮನಾರ್ಹ. ಅದೇ ವರದಿಯಂತೆ, ಸ್ಮಾರ್ಟ್‌ಫೋನ್ ಬಳಸಬಲ್ಲ ಮಕ್ಕಳಲ್ಲಿ ಹಿಂದಿನ ಒಂದು ವಾರದಲ್ಲಿ ಕಲಿಕೆಗೆ ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಒಮ್ಮೆ ಗಮನ ಚದುರಿದ ವಿದ್ಯಾರ್ಥಿ ಮತ್ತೆ ಪಾಠಕ್ಕೆ ಮರಳಲು 20 ನಿಮಿಷಗಳವರೆಗೂ ಬೇಕಾಗಬಹುದು ಎಂದು ಯುನೆಸ್ಕೊ 2023ರ ಜಾಗತಿಕ ಶಿಕ್ಷಣ ವರದಿ ಎಚ್ಚರಿಸಿದೆ. ಫ್ರಾನ್ಸ್ 2018ರಲ್ಲಿಯೇ ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ಕಾನೂನಿನ ಮೂಲಕ ನಿರ್ಬಂಧಿಸಿತು.

ಹಾಗೆಂದು ಸಾಧನದ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ರಾಜ್ಯದ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಸಂಕೇತಗಳು ‘ದೀಕ್ಷಾ’ ವೇದಿಕೆಯ ಪಾಠಗಳಿಗೆ ಕೊಂಡೊಯ್ಯುತ್ತವೆ. ಅವುಗಳನ್ನು ನೋಡಲು ಪ್ರತಿ ಮಗುವಿಗೂ ಸ್ವಂತ ಫೋನ್ ಬೇಕಿಲ್ಲ. ಶಿಕ್ಷಕರ ಒಂದು ಸಾಧನ ಹಾಗೂ ಒಂದು ದೊಡ್ಡ ಪರದೆ ಇಡೀ ತರಗತಿಗೆ ಸಾಕಾಗುತ್ತದೆ.

ಗ್ರಾಮ ಪಂಚಾಯಿತಿ ಮಾಡಬಹುದಾದುದು

ಬೋಧನಾ ಕ್ರಮವನ್ನು ನಿರ್ಧರಿಸುವುದು ಶಿಕ್ಷಣ ಇಲಾಖೆ ಮತ್ತು ಶಿಕ್ಷಕರ ಹೊಣೆ. ಪಂಚಾಯಿತಿಯ ಹೊಣೆ ಯಾವ ಮಗುವೂ ಹಿಂದುಳಿಯದಂತೆ ನೋಡಿಕೊಳ್ಳುವುದು. ಅದಕ್ಕಾಗಿ ಸದಸ್ಯರು ಈ ಕೆಳಗಿನ ಕ್ರಮಗಳನ್ನು ಪರಿಶೀಲಿಸಬಹುದು.

1. ಮೊಬೈಲ್ ಕುರಿತ ನಿಯಮವನ್ನು ಲಿಖಿತವಾಗಿ ರೂಪಿಸಿ ಪೋಷಕರಿಗೆ ಓದಿ ಹೇಳುವಂತೆ ಎಸ್‌ಡಿಎಂಸಿಗೆ ಸಲಹೆ ನೀಡುವುದು. ಫೋನನ್ನು ಎಲ್ಲಿ ಇಡಬೇಕು, ಯಾರು ಜವಾಬ್ದಾರರು, ತುರ್ತು ಸಂದರ್ಭದಲ್ಲಿ ಪೋಷಕರು ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು.

2. ಸ್ವಂತ ಸಾಧನವಿದ್ದರೆ ಮಾತ್ರ ಮಾಡಬಹುದಾದ ಮನೆಪಾಠ, ಚಟುವಟಿಕೆಗಳನ್ನು ಕಡ್ಡಾಯಗೊಳಿಸದಂತೆ ಶಾಲೆಯನ್ನು ಕೋರುವುದು.

3. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು, ಅಂದರೆ ಅರಿವು ಕೇಂದ್ರವನ್ನು, ಶಾಲೆ ಬಿಟ್ಟ ನಂತರವೂ ತೆರೆದಿಡುವುದು. ಈ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಯಲ್ಲಿವೆ. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿನ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಸುಸ್ಥಿತಿಯಲ್ಲಿವೆಯೇ, ಹೆಣ್ಣುಮಕ್ಕಳು ಬರುವ ವೇಳೆ ಸುರಕ್ಷಿತವೇ ಎಂಬುದನ್ನು ಪರಿಶೀಲಿಸುವುದು.

4. ಮಕ್ಕಳ ಹೆಸರು, ಭಾವಚಿತ್ರ, ಮೊಬೈಲ್ ಸಂಖ್ಯೆ ಕೇಳುವ ಆ್ಯಪ್‌ಗಳ ಬಗ್ಗೆ ಪೋಷಕರಲ್ಲಿ ಅರಿವು ಮೂಡಿಸುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಅಗತ್ಯಪಡಿಸಿದೆ.

5. ವಿಷಯವನ್ನು ಮಕ್ಕಳ ಗ್ರಾಮ ಸಭೆಯ ಮುಂದಿಡುವುದು. ಯಾರಿಗೆ ಫೋನ್ ಇಲ್ಲ, ಇದ್ದರೂ ಯಾರ ಕೈಗೆ ಸಿಗುವುದಿಲ್ಲ ಎಂಬುದು ಮಕ್ಕಳಿಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಸಾಧನವಿಲ್ಲದವರನ್ನು ಸಭೆಯಲ್ಲಿ ಕೈಯೆತ್ತಿಸಿ ಮುಜುಗರಕ್ಕೀಡು ಮಾಡದೆ, ಶಿಕ್ಷಕರ ಮೂಲಕ ಮಾಹಿತಿ ಪಡೆಯುವುದು ಸೂಕ್ತ.

ಮೊಬೈಲ್ ಚೀಲದಲ್ಲಿ ಇರಬಹುದೇ ಎಂಬುದನ್ನು ಪ್ರತಿ ಶಾಲೆಯೂ ತನ್ನ ಪರಿಸ್ಥಿತಿಗೆ ತಕ್ಕಂತೆ ನಿರ್ಧರಿಸಿಕೊಳ್ಳಬಹುದು. ಆದರೆ ಪಾಠ ಕಲಿಯಲು ಮಗು ತನ್ನ ಮನೆಯಿಂದ ಮೊಬೈಲ್ ತರಲೇಬೇಕು ಎಂಬ ಸ್ಥಿತಿ ಸಾರ್ವಜನಿಕ ಶಾಲೆಯಲ್ಲಿ ಉಂಟಾಗಬಾರದು. ಪಾಠಕ್ಕೆ ಸಾಧನ ಅಗತ್ಯವಿದ್ದಲ್ಲಿ ಅದನ್ನು ಒದಗಿಸುವ ಹೊಣೆ ಶಾಲೆ, ಗ್ರಂಥಾಲಯ ಮತ್ತು ಪಂಚಾಯಿತಿಗಳದ್ದಾಗಿರಬೇಕು.